ಕಡಿದ ಮೇಲೆ ಉಳಿಯುವ ಬೊಡ್ಡೆ

ಮರ ಕಡಿಯುವುದು ಒಂದು ಕೆಲಸ, ಬೊಡ್ಡೆ ತೆಗೆಯುವುದು ಇನ್ನೊಂದು. ಜಮೀನಿನಲ್ಲಿ ಇವೆರಡೂ ಸಾಮಾನ್ಯವಾಗಿ ಬೇರೆ ಬೇರೆ ದಿನ, ಬೇರೆ ಬೇರೆ ಕೈಗಳಿಂದ ಆಗುತ್ತವೆ. ಕಡಿದವರು ದಿಮ್ಮಿಗಳನ್ನು ಲಾರಿಗೆ ಹೇರಿಕೊಂಡು ಹೋಗುತ್ತಾರೆ. ನೆಲದಿಂದ ಗೇಣುದ್ದ ಎದ್ದುನಿಂತ ಬುಡ ರೈತನ ಪಾಲಿಗೆ ಉಳಿಯುತ್ತದೆ. ಮರಕ್ಕೆ ಜೀವವಿದೆಯೇ, ಅದನ್ನು ಕಡಿದರೆ ಪಾಪವೇ ಎಂಬ ಪ್ರಶ್ನೆಯನ್ನು ಭಾರತದ ದರ್ಶನಗಳು ಒಂದಲ್ಲ ಒಂದು ಬಗೆಯಲ್ಲಿ ಎತ್ತಿವೆ. ಬೊಡ್ಡೆಯ ಪ್ರಶ್ನೆ ಅದಕ್ಕಿಂತ ಸಣ್ಣದು, ಆದರೆ ಹೆಚ್ಚು ತೊಡಕಿನದು. ಕಾಂಡ ಹೋದ ಮೇಲೂ ಅಲ್ಲಿ ಮರ ಇದೆಯೇ? ಇದ್ದರೆ, ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಯಂತ್ರ ಅದನ್ನು ಪುಡಿ ಮಾಡುವಾಗ ಆಗುವುದು ಹೊಲ ಹಸನು ಮಾಡುವ ಕೆಲಸವೋ, ಕೊಲೆಯೋ?

ಯಂತ್ರ ಏನು ಮಾಡುತ್ತದೆ ಎಂಬುದನ್ನು ನೋಡದೆ ಈ ಪ್ರಶ್ನೆಗೆ ಕೈಹಾಕುವಂತಿಲ್ಲ. ರೋಟವೇಟರ್ ಕೂರುವ ಜಾಗದಲ್ಲೇ ಬೊಡ್ಡೆ ಗ್ರೈಂಡರ್ ಕೂರುತ್ತದೆ. ಎಂಜಿನ್ನಿನ ಶಕ್ತಿ ಪಿಟಿಒ ಶಾಫ್ಟಿನ ಮೂಲಕ, ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತಿನಂತೆ, ಯಂತ್ರಕ್ಕೆ ಬರುತ್ತದೆ. ಅಂಚಿನ ಸುತ್ತ ಟಂಗ್‌ಸ್ಟನ್ ಕಾರ್ಬೈಡ್ ಹಲ್ಲುಗಳಿರುವ ಉಕ್ಕಿನ ಚಕ್ರವೊಂದು ತಿರುಗುತ್ತದೆ. ಡ್ರೈವರ್ ಆ ಚಕ್ರವನ್ನು ಬೊಡ್ಡೆಯ ಒಂದು ಅಂಚಿಗೆ ಇಳಿಸಿ, ಹೈಡ್ರಾಲಿಕ್ ಲಿವರಿನಿಂದ ಎಡಕ್ಕೂ ಬಲಕ್ಕೂ ಆಡಿಸುತ್ತ ಹೋಗುತ್ತಾನೆ. ಪ್ರತಿ ಸಲವೂ ತೆಳುವಾದ ಒಂದು ಪದರ ಪುಡಿಯಾಗಿ ಹಾರುತ್ತದೆ. ಎಷ್ಟು ಆಳಕ್ಕೆ ಹೋಯಿತು ಎಂಬುದನ್ನು ಹಾರುವ ಪುಡಿಯ ಬಣ್ಣವೇ ಹೇಳುತ್ತದೆ: ನೀಲಗಿರಿಯಾದರೆ ಮೊದಲು ಕೆಂಪುಗಂದು, ಬುಡ ತೀರುತ್ತ ಬಂದಂತೆ ಮಣ್ಣು ಬೆರೆತು ಮಂಕಾಗುತ್ತದೆ, ಕೊನೆಗೆ ಬರೀ ಮಣ್ಣು. ಕೆಮ್ಮಣ್ಣಿನ ಹೊಲದಲ್ಲಿ ಈ ವ್ಯತ್ಯಾಸ ಹಿಡಿಯಲು ಪಳಗಿದ ಕಣ್ಣು ಬೇಕು. ಬುಡದಲ್ಲಿ ಕಲ್ಲೋ ಹಳೆಯ ಬೇಲಿತಂತಿಯೋ ಸಿಕ್ಕಿದರೆ ಹಲ್ಲು ಮುರಿಯುತ್ತದೆ, ಚೂರು ಸಿಡಿಯುತ್ತದೆ. ಆದ್ದರಿಂದ ಹತ್ತಿರ ಯಾರೂ ನಿಲ್ಲಬಾರದು. ನೆಲಮಟ್ಟದಿಂದ ಒಂದಡಿಯ ಆಸುಪಾಸಿಗೆ ಕೆಲಸ ಮುಗಿಯುತ್ತದೆ. ಪಕ್ಕಕ್ಕೆ ಹರಡಿದ ಬೇರುಗಳು ಮಣ್ಣಿನೊಳಗೆ ಹಾಗೇ ಉಳಿಯುತ್ತವೆ.

ಜೆಸಿಬಿಯ ರೀತಿ ಬೇರೆ. ಅದು ಬೊಡ್ಡೆಯನ್ನು ಬೇರುಸಮೇತ ಎತ್ತಿ ಹಾಕುತ್ತದೆ, ಆಳುದ್ದದ ಗುಂಡಿ ಬಿಡುತ್ತದೆ, ಅಡಿಮಣ್ಣನ್ನು ಮೇಲಕ್ಕೆ ತರುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಹೆಚ್ಚಾಗಿ ಕಾಣುವುದು ಜೆಸಿಬಿಯೇ. ಹಾಗಾಗಿ ವಿಚಾರಕ್ಕೆ ಬರುವ ಕ್ರಿಯೆಗಳು ಮೂರು: ಕಡಿಯುವುದು, ಅರೆಯುವುದು, ಕೀಳುವುದು. ಮೂರನ್ನೂ ಮರ ತೆಗೆಯುವುದು ಎಂದೇ ಜನ ಕರೆಯುತ್ತಾರೆ. ಧರ್ಮಗ್ರಂಥಗಳು ಮಾತ್ರ ಅವುಗಳನ್ನು ಒಂದೇ ಎಂದು ಎಣಿಸಿಲ್ಲ.

ಸಸ್ಯಗಳೂ ಎಣಿಸುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಬಯಲಿನಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳನ್ನು ನೀಲಗಿರಿ ತೋಪುಗಳು ಆವರಿಸಿಕೊಂಡದ್ದು ಎಲ್ಲರಿಗೂ ಗೊತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿಬೆಟ್ಟಕ್ಕೆ ಬಂದ ಮರ ಇದು ಎನ್ನುತ್ತಾರೆ; 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆ ಅದನ್ನು ಬಯಲಿನ ತುಂಬ ಹರಡಿತು. ಅಂತರ್ಜಲದ ಚಿಂತೆಯಿಂದ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಆದರೆ ನೀಲಗಿರಿಗೆ ಹೊಸದಾಗಿ ನೆಡುವವರು ಬೇಕಿಲ್ಲ. ಅದರ ಬುಡದಲ್ಲಿ, ನೆಲಕ್ಕೆ ತಾಗಿದಂತೆ, ಗಂಟಿನಂತಹ ಒಂದು ಊತವಿರುತ್ತದೆ. ಅದರೊಳಗೆ ಆಹಾರದ ದಾಸ್ತಾನೂ ಮಲಗಿದ ಮೊಗ್ಗುಗಳೂ ಇರುತ್ತವೆ. ಕಾಂಡ ಕಡಿದು ಮಳೆ ಬಿದ್ದರೆ ಕೆಲವೇ ವಾರಗಳಲ್ಲಿ ಬೊಡ್ಡೆಯ ಸುತ್ತ ಚಿಗುರು ಒತ್ತಾಗಿ ಏಳುತ್ತದೆ. ಈ ಕೂಳೆಯನ್ನೇ ನಂಬಿ ಒಮ್ಮೆ ನೆಟ್ಟ ತೋಪನ್ನು ಎರಡು ಮೂರು ಸಲ ಕಟಾವು ಮಾಡುತ್ತಾರೆ. ತೇಗವೂ ಹೀಗೇ ಚಿಗುರುತ್ತದೆ. ತೆಂಗು ಅಡಿಕೆಗಳ ಕತೆ ತೀರ ಬೇರೆ: ಅವುಗಳ ಬೆಳವಣಿಗೆಯೆಲ್ಲ ತುದಿಯ ಒಂದೇ ಸುಳಿಯಲ್ಲಿದೆ. ಸುಳಿ ಹೋದರೆ ಮರ ಹೋಯಿತು. ಉಳಿದ ಬೊಡ್ಡೆಯಲ್ಲಿ ಚಿಗುರಲು ಮೊಗ್ಗೇ ಇಲ್ಲ.

ಅಂದರೆ ಒಂದೇ ಯಂತ್ರ, ಒಂದೇ ಡ್ರೈವರ್, ಒಂದೇ ಮಧ್ಯಾಹ್ನ. ತೆಂಗಿನ ಬೊಡ್ಡೆಯ ಮೇಲೆ ಚಕ್ರ ಇಳಿದಾಗ ಸತ್ತದ್ದನ್ನು ಪುಡಿ ಮಾಡುತ್ತದೆ. ಹತ್ತು ಮಾರು ಆಚೆ ನೀಲಗಿರಿಯ ಮೇಲೆ ಇಳಿದಾಗ ಬದುಕಿರುವುದನ್ನು ಕೊಲ್ಲುತ್ತದೆ.

ಬೊಡ್ಡೆ ಬದುಕಿದೆ ಎಂಬ ಅರಿವು ವೈದಿಕ ಯಾಗದ ವಿಧಿಯಲ್ಲೇ ಸ್ಪಷ್ಟವಾಗಿದೆ. ಪಶುಯಾಗಕ್ಕೆ ಯೂಪ, ಅಂದರೆ ಬಲಿಗಂಬ ಬೇಕು. ಅದಕ್ಕಾಗಿ ಮರ ಕಡಿಯುವ ಕ್ರಮವನ್ನು ತೈತ್ತಿರೀಯ ಸಂಹಿತೆ ವಿವರಿಸುತ್ತದೆ. ಕೊಡಲಿಗೂ ಮರಕ್ಕೂ ನಡುವೆ ದರ್ಭೆಯ ಎಸಳನ್ನಿಟ್ಟು, ಮರವನ್ನು ಕಾಪಾಡು ಎಂದು ಆ ಹುಲ್ಲನ್ನೂ ನೋಯಿಸಬೇಡ ಎಂದು ಕೊಡಲಿಯನ್ನೂ ಬೇಡಿಕೊಳ್ಳಬೇಕು. ಮರ ಉರುಳಿದ ಮೇಲೆ ಬುಡದ ಕಡಿತದ ಮೇಲೆ ತುಪ್ಪದ ಆಹುತಿ. ನೂರಾಗಿ ಚಿಗುರು ಎಂಬ ಹಾರೈಕೆ. ಮರಗಳ ಬೊಡ್ಡೆಯಿಂದ ಹಲವು ಚಿಗುರು ಏಳುವುದಕ್ಕೆ ಈ ಆಹುತಿಯೇ ಕಾರಣ ಎಂದು ಸಂಹಿತೆ ಹೇಳುತ್ತದೆ. ಇದೇ ವಿಧಿಯಲ್ಲಿ ಇನ್ನೊಂದು ಅಂಶವಿದೆ. ಅದು ಹೊಲಗದ್ದೆ ಬಲ್ಲವರ ಮಾತು. ಬುಡವನ್ನು ಎಷ್ಟು ತಗ್ಗಾಗಿ ಕಡಿಯಬೇಕೆಂದರೆ, ಮೇಲೆ ಹಾಯುವ ಗಾಡಿಯ ಅಚ್ಚು ಅದಕ್ಕೆ ತಗುಲಬಾರದು. ತಗುಲುವಂತೆ ಕಡಿದರೆ ಯಜಮಾನನಿಗೆ ಕೇಡು. ಬೊಡ್ಡೆ ದಾರಿಗೆ ಅಡ್ಡವಾಗುತ್ತದೆ ಎಂಬ ತಕರಾರು ಟ್ರ್ಯಾಕ್ಟರಿನಷ್ಟು ಹೊಸದಲ್ಲ. ಸಂಹಿತೆ ಕಂಡುಕೊಂಡ ಪರಿಹಾರ ಬುಡವನ್ನು ತಗ್ಗಿಸುವುದು, ಹಾಗೆಯೇ ಅದಕ್ಕೆ ಚಿಗುರಲು ಬಿಡುವುದು. ಗಾಡಿ ಹೋಗಬೇಕು, ಮರವೂ ಮರಳಬೇಕು. ಮರವನ್ನು ತೆಗೆದುಕೊಳ್ಳುವ ಹಕ್ಕು ಯಜಮಾನನಿಗಿದೆ. ಬೇರಿನವರೆಗೆ ಆ ಹಕ್ಕು ಇಳಿಯುವುದಿಲ್ಲ.

ಜಪಾನಿನ ಮರಕಡಿಯುವವರಲ್ಲಿ ಇದಕ್ಕೆ ಬಹಳ ಹತ್ತಿರದ ಪದ್ಧತಿಯೊಂದಿದೆ. ದೊಡ್ಡ ಮರ ಉರುಳಿಸಿದ ಮೇಲೆ ಅದರ ತುದಿಯ ಹಸಿರು ಕೊಂಬೆಯೊಂದನ್ನು ಕಡಿದು, ಬೊಡ್ಡೆಯ ನಡುವೆ ನೆಟ್ಟು, ಬೆಟ್ಟದ ದೇವರಿಗೆ ಕೈಮುಗಿಯುತ್ತಾರೆ. ಇಸೆ ದೇವಾಲಯವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಲು ಕಿಸೊ ಕಾಡಿನಲ್ಲಿ ಮರ ಕಡಿಯುವಾಗ ಇಂದಿಗೂ ಈ ವಿಧಿ ನಡೆಯುತ್ತದೆ. ಯಾಕುಶಿಮಾ ದ್ವೀಪದಲ್ಲಿ ಸುಮಾರು 1586ರಲ್ಲಿ ಕಡಿದದ್ದೆಂದು ಹೇಳುವ ಒಂದು ದೇವದಾರುವಿನ ಬೊಡ್ಡೆ ಇನ್ನೂ ನಿಂತಿದೆ. 1914ರಲ್ಲಿ ಅದನ್ನು ಹೊರಜಗತ್ತಿಗೆ ಪರಿಚಯಿಸಿದ ಸಸ್ಯಶಾಸ್ತ್ರಜ್ಞ ಅರ್ನೆಸ್ಟ್ ವಿಲ್ಸನ್ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಟೊಳ್ಳಾದ ಅದರ ಹೊಟ್ಟೆಯೊಳಗೆ ಒಂದು ಕೋಣೆಯಷ್ಟು ಜಾಗ, ಅಲ್ಲೊಂದು ಪುಟ್ಟ ಗುಡಿ. ಮರದ ಮಾತಿರಲಿ, ಬೊಡ್ಡೆಯೇ ದೇವಸ್ಥಾನವಾದ ಉದಾಹರಣೆ ಇದಕ್ಕಿಂತ ನೇರವಾಗಿ ಸಿಗುವುದು ಕಷ್ಟ.

ಕಡಿಯುವುದಕ್ಕೂ ಕೀಳುವುದಕ್ಕೂ ಇರುವ ಅಂತರವನ್ನು ತತ್ತ್ವವಾಗಿ ಮಾಡಿದ್ದು ಬೃಹದಾರಣ್ಯಕ ಉಪನಿಷತ್ತು. ಮೂರನೆಯ ಅಧ್ಯಾಯದ ಕೊನೆಯಲ್ಲಿ ಯಾಜ್ಞವಲ್ಕ್ಯ, ಜನಕನ ಸಭೆಯ ಬ್ರಾಹ್ಮಣರೆಲ್ಲರನ್ನೂ ಒಟ್ಟಿಗೆ ಪ್ರಶ್ನಿಸುತ್ತಾನೆ. ಮನುಷ್ಯ ಮರದಂತೆಯೇ: ಕೂದಲು ಎಲೆ, ಚರ್ಮ ತೊಗಟೆ, ರಕ್ತ ರಸ, ಮೂಳೆ ಒಳಮರ. ಕಡಿದ ಮರ ಬೇರಿನಿಂದ ಮತ್ತೆ ಹೊಸದಾಗಿ ಏಳುತ್ತದೆ. ಸಾವು ಕಡಿದು ಹಾಕಿದ ಮನುಷ್ಯ ಯಾವ ಬೇರಿನಿಂದ ಏಳುತ್ತಾನೆ? ರೇತಸ್ಸಿನಿಂದ ಎನ್ನಬೇಡಿ, ಅದು ಬದುಕಿರುವವನಿಂದ ಬರುವುದು ಎಂದು ತಾನೇ ಒಂದು ದಾರಿ ಮುಚ್ಚುತ್ತಾನೆ. ಆಮೇಲೆ ಬೇರುಸಮೇತ ಕಿತ್ತ ಮರ ಮತ್ತೆ ಹುಟ್ಟುವುದಿಲ್ಲ ಎಂಬುದನ್ನೂ ಸೇರಿಸುತ್ತಾನೆ. ಸಭೆ ಮೌನವಾಗುತ್ತದೆ. ಇಡೀ ವಾದ ನಿಂತಿರುವುದು ಒಂದು ಕೃಷಿಸತ್ಯದ ಮೇಲೆ: ಕಡಿದದ್ದು ಚಿಗುರುತ್ತದೆ, ಕಿತ್ತದ್ದು ಚಿಗುರುವುದಿಲ್ಲ. ಯಾಜ್ಞವಲ್ಕ್ಯನ ಕಣ್ಣಿನಲ್ಲಿ ಕಡಿತ ಮರಣ, ಆದರೆ ಕಡೆಯ ಮರಣವಲ್ಲ. ಅದರಾಚೆ ಇರುವುದು ನಿರ್ಮೂಲ.

ಹೀಬ್ರೂ ಬೈಬಲಿನ ಯೋಬನ ಗ್ರಂಥದ ಹದಿನಾಲ್ಕನೆಯ ಅಧ್ಯಾಯ ಇದೇ ಬೊಡ್ಡೆಯನ್ನು ಹಿಡಿದು ಎದುರು ದಿಕ್ಕಿಗೆ ನಡೆಯುತ್ತದೆ. ಕಡಿದ ಮರಕ್ಕೆ ಆಸೆಯಿದೆ, ಅದರ ಬುಡ ಮಣ್ಣಿನಲ್ಲಿ ಸತ್ತಂತಿದ್ದರೂ ನೀರಿನ ವಾಸನೆಗೆ ಚಿಗುರೀತು. ಮನುಷ್ಯನಿಗೆ ಆ ಭಾಗ್ಯವಿಲ್ಲ ಎಂಬುದು ಯೋಬನ ಅಳಲು. ಒಬ್ಬನಿಗೆ ಬೊಡ್ಡೆ ಮನುಷ್ಯನ ಬೇರನ್ನು ಹುಡುಕಲು ಪ್ರೇರಣೆ, ಇನ್ನೊಬ್ಬನಿಗೆ ಮನುಷ್ಯನಿಗೆ ಬೇರಿಲ್ಲ ಎಂಬುದಕ್ಕೆ ಸಾಕ್ಷಿ. ಇಬ್ಬರೂ ಬೊಡ್ಡೆಯನ್ನು ಮಾತ್ರ ಸರಿಯಾಗಿಯೇ ಕಂಡಿದ್ದರು.

ನ್ಯಾಯಶಾಸ್ತ್ರದ ವಿದ್ಯಾರ್ಥಿಗೆ ಬೊಡ್ಡೆ ಎದುರಾಗುವುದು ಬೇರೆ ವೇಷದಲ್ಲಿ. ಮಬ್ಬುಗತ್ತಲಲ್ಲಿ ದೂರದಲ್ಲಿ ಕಾಣುವ ಎತ್ತರದ ಆಕಾರ ಮೋಟುಮರವೋ ಮನುಷ್ಯನೋ ಎಂಬುದು ಸಂಶಯಕ್ಕೆ ಆ ಶಾಸ್ತ್ರ ಕೊಡುವ ಹಳೆಯ ಉದಾಹರಣೆ. ಕೈಕಾಲು ಕಂಡರೆ ಮನುಷ್ಯ, ಪೊಟರೆ ಕಂಡರೆ ಮೋಟು. ಪಾಠಕ್ಕಾಗಿ ಆರಿಸಿದ ಈ ಜೋಡಿಯಲ್ಲಿ ಮೋಟು ಎಂದರೆ ಜಡ ಎಂಬುದು ಗೃಹೀತ. ಯಾಜ್ಞವಲ್ಕ್ಯ ಸಮೀಕರಿಸಿದ ಎರಡನ್ನು ತಾರ್ಕಿಕರು ಎದುರುಬದುರು ನಿಲ್ಲಿಸಿದರು. ಹಾಗೆಂದು ಮರಕ್ಕೆ ಆತ್ಮವಿದೆಯೇ ಎಂಬ ವಿಚಾರವನ್ನು ಅವರು ಬಿಟ್ಟವರೇನಲ್ಲ.

ಆ ವಿಚಾರದಲ್ಲಿ ತೀರ ಸೂಕ್ಷ್ಮವಾದ ಜಗಳ ನಡೆದದ್ದು ಮರದ ಸಾವಿನ ಬಗ್ಗೆ. ಮರಗಳಿಗೆ ಚೇತನವಿದೆ, ಏಕೆಂದರೆ ತೊಗಟೆಯನ್ನೆಲ್ಲ ಸುಲಿದರೆ ಅವು ಸಾಯುತ್ತವೆ ಎಂಬುದು ದಿಗಂಬರ ಜೈನರ ಅನುಮಾನ. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ‘ನ್ಯಾಯಬಿಂದು’ವಿನಲ್ಲಿ ಇದನ್ನು ದೋಷವಿರುವ ಹೇತುವಿಗೆ ಉದಾಹರಣೆಯಾಗಿ ಎತ್ತಿಕೊಳ್ಳುತ್ತಾನೆ. ಸಾವು ಎಂದರೆ ವಿಜ್ಞಾನ (ಅಂದರೆ ಅರಿವು), ಇಂದ್ರಿಯ, ಆಯುಸ್ಸು ನಿಲ್ಲುವುದು. ಮರಕ್ಕೆ ಇವು ಇವೆ ಎಂದು ಮೊದಲೇ ಒಪ್ಪದೆ ಅದು ಸತ್ತಿತು ಎನ್ನುವಂತಿಲ್ಲ. ಬೌದ್ಧನಿಗೆ ಮರ ಒಣಗಿತು, ಅಷ್ಟೆ. ತರ್ಕದ ದೃಷ್ಟಿಯಿಂದ ಧರ್ಮಕೀರ್ತಿಯ ಪೆಟ್ಟು ಸರಿಯಾಗಿಯೇ ಬಿದ್ದಿದೆ. ಆದರೆ ಇಬ್ಬರೂ ನೋಡುತ್ತಿದ್ದುದು ಮರದ ಮೇಲ್ಭಾಗವನ್ನು. ತೊಗಟೆಯನ್ನು ಬಳೆಯಂತೆ ಸುತ್ತ ತೆಗೆದರೆ ಎಲೆಯಲ್ಲಿ ತಯಾರಾದ ಆಹಾರ ಕೆಳಗಿಳಿಯುವುದು ನಿಲ್ಲುತ್ತದೆ. ಬರುಬರುತ್ತ ಮೇಲ್ಭಾಗ ಒಣಗುತ್ತದೆ. ಅದೇ ಹೊತ್ತಿಗೆ ಬಳೆಯ ಕೆಳಗಿನಿಂದ ಎಷ್ಟೋ ಜಾತಿಯ ಮರಗಳು ಚಿಗುರುತ್ತವೆ. ಸತ್ತಿತೆಂದು ಒಬ್ಬರು, ಒಣಗಿತೆಂದು ಇನ್ನೊಬ್ಬರು ವಾದಿಸುತ್ತಿರುವಾಗ ಬುಡ ತನ್ನ ಕೆಲಸ ಶುರುಮಾಡಿರುತ್ತದೆ.

ಮರದ ಜೀವವನ್ನು ಸಾವಿನಿಂದ ಸಾಧಿಸುವ ಬದಲು ಚೇತರಿಕೆಯಿಂದ ಸಾಧಿಸುವ ದಾರಿ ಈ ತೊಡಕಿನಿಂದ ಪಾರಾಗುತ್ತದೆ. ಮಹಾಭಾರತದ ಶಾಂತಿಪರ್ವದಲ್ಲಿ ಭೃಗು ಭರದ್ವಾಜನಿಗೆ ಕೊಡುವ ಕಾರಣಗಳಲ್ಲಿ ಕಡಿದದ್ದು ಮತ್ತೆ ಬೆಳೆಯುವುದೂ ಒಂದು. ತಾರ್ಕಿಕ ಉದಯನನ ‘ಕಿರಣಾವಳಿ’ ಮರಕ್ಕೆ ಆತ್ಮವಿದೆ ಎನ್ನುವುದಕ್ಕೆ ಮುರಿದದ್ದು, ಗಾಯವಾದದ್ದು ಕೂಡಿಕೊಳ್ಳುವುದನ್ನು ಆಧಾರವಾಗಿ ಹಿಡಿಯುತ್ತದೆ. ಅದರ ಚೈತನ್ಯ ತೀರ ಮಂದ ಎಂದೂ ಒಪ್ಪುತ್ತದೆ. ಈ ವಾದಕ್ಕೆ ಬೊಡ್ಡೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಕಡಿದ ಮುಖದ ಅಂಚಿನಲ್ಲಿ ಹೊಸ ತೊಗಟೆ ತುಟಿಯಂತೆ ಮಡಚಿಕೊಂಡು ಒಳಕ್ಕೆ ಬೆಳೆಯುವುದನ್ನು ಯಾರೂ ಹೋಗಿ ನೋಡಬಹುದು. ಆದರೆ ವಾದದ ಮಿತಿಯೂ ಅಲ್ಲೇ ಇದೆ. ಕಡಿದ ತೆಂಗು ಚಿಗುರುವುದಿಲ್ಲ, ಅದರ ಕಾಂಡಕ್ಕೆ ಬಿದ್ದ ಕಚ್ಚು ಕೂಡಿಕೊಳ್ಳುವುದಿಲ್ಲ. ಹಾಗೆಂದು ನಿಂತ ತೆಂಗಿಗೆ ಜೀವವಿಲ್ಲ ಎನ್ನಲು ಯಾರೂ ಸಿದ್ಧರಿಲ್ಲ. ಚಿಗುರುವುದು ಜೀವದ ಗುರುತು ಹೌದು, ಚಿಗುರದೆ ಇರುವುದು ನಿರ್ಜೀವತೆಯ ಗುರುತಾಗುವುದಿಲ್ಲ.

2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಹಳೆಯ ಚರ್ಚೆಗೆ ಹೊಸ ಗಂಟು ಹಾಕಿತು. ನ್ಯೂಜಿಲೆಂಡಿನ ಕಾಡಿನಲ್ಲಿ ಎಲೆಯೇ ಇಲ್ಲದ, ಚಿಗುರೂ ಒಡೆಯದ ಒಂದು ಕೌರಿ ಮರದ ಬೊಡ್ಡೆ ಬದುಕಿರುವುದನ್ನು ಮಾರ್ಟಿನ್ ಬೇಡರ್ ಮತ್ತು ಸೆಬಾಸ್ಟಿಯನ್ ಲಾಯ್ಟ್‌ಜಿಂಗರ್ ಕಂಡರು. ಅದರೊಳಗಿನ ನೀರಿನ ಹರಿವನ್ನು ಅಳೆದಾಗ ಅದು ಪಕ್ಕದ ಕೌರಿ ಮರಗಳ ಹರಿವಿಗೆ ತಲೆಕೆಳಗಾಗಿ ತಾಳ ಹಾಕುತ್ತಿತ್ತು: ಹಗಲು ಅವು ನೀರೆಳೆಯುವಾಗ ಬೊಡ್ಡೆ ತಟಸ್ಥ, ರಾತ್ರಿ ಅವು ಸುಮ್ಮನಾದಾಗ ಬೊಡ್ಡೆಯಲ್ಲಿ ಹರಿವು. ಬೇರುಗಳು ಒಂದಕ್ಕೊಂದು ಬೆಸೆದುಕೊಂಡು ಬೊಡ್ಡೆ ನೆರೆಯ ಮರಗಳ ಆಸರೆಯಲ್ಲಿ ಉಳಿದಿದೆ ಎಂಬುದು ಅವರು ತಲುಪಿದ ತೀರ್ಮಾನ. ಹೀಗಿರುವಾಗ ಆ ಬೊಡ್ಡೆ ಒಂದು ಮರವೇ, ನೆರೆಮರಗಳ ಒಂದು ಅಂಗವೇ? ಜೀವ ಇಡೀ ಮರವನ್ನು ವ್ಯಾಪಿಸಿದೆ, ಒಂದು ಕೊಂಬೆಯನ್ನು ಬಿಟ್ಟರೆ ಆ ಕೊಂಬೆ ಒಣಗುತ್ತದೆ, ಇಡೀ ಮರವನ್ನು ಬಿಟ್ಟರೆ ಮರವೇ ಒಣಗುತ್ತದೆ ಎಂದು ಛಾಂದೋಗ್ಯ ಉಪನಿಷತ್ತಿನ ಉದ್ದಾಲಕ ಮಗ ಶ್ವೇತಕೇತುವಿಗೆ ಹೇಳುವಾಗ, ಮರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ನಿಶ್ಚಿತ ಎಂದುಕೊಂಡಿದ್ದ. ಭೂಮಿಯ ಒಳಗೆ ಆ ನಿಶ್ಚಯ ಇಲ್ಲ.

ವಿಚಾರದಿಂದ ಆಚಾರಕ್ಕೆ ಬಂದರೆ, ಭಿಕ್ಷುಗಳ ನಡತೆಯ ನಿಯಮಾವಳಿಯಾದ ಬೌದ್ಧ ವಿನಯ ಬೊಡ್ಡೆಯನ್ನು ಬಿಡದೆ ಹಿಡಿದಿದೆ. ಭಿಕ್ಷುಗಳಿಗೆ ನೆಲ ಅಗೆಯುವುದೂ ಗಿಡಮರ ಹಾಳುಮಾಡುವುದೂ ಒಂದರ ಹಿಂದೊಂದು ಬರುವ ಎರಡು ನಿಷೇಧಗಳು, ಪಾಚಿತ್ತಿಯ ಎಂಬ ನಿಯಮವರ್ಗದ ಹತ್ತು ಮತ್ತು ಹನ್ನೊಂದನೆಯವು. ಆಳವಿಯ ಭಿಕ್ಷುವೊಬ್ಬ ಮರ ಕಡಿಯುವಾಗ ಅದರಲ್ಲಿ ನೆಲೆಸಿದ್ದ ದೇವತೆಯ ಮಗುವಿನ ತೋಳಿಗೆ ಪೆಟ್ಟು ಬಿದ್ದದ್ದು ಎರಡನೆಯ ನಿಷೇಧದ ಹಿನ್ನೆಲೆ ಕತೆ. ಜನರು ಮರದಲ್ಲಿ ಜೀವವಿದೆಯೆಂದು ನಂಬುತ್ತಾರೆ ಎಂಬುದನ್ನೂ ಬುದ್ಧ ಕಾರಣವಾಗಿ ಹೇಳುತ್ತಾನೆ. ಮರಕ್ಕೆ ಜೀವವಿದೆ ಎಂದು ತಾನೇ ತೀರ್ಪು ಕೊಡುವುದಿಲ್ಲ. ಸಸ್ಯ ಹುಟ್ಟುವ ದಾರಿಗಳು ಐದು ಎಂದು ವಿನಯ ಎಣಿಸುತ್ತದೆ: ಬೇರು, ಕಾಂಡ, ಗೆಣ್ಣು, ತುದಿ, ಬೀಜ. ಕಾಂಡದಿಂದ ಹುಟ್ಟುವವುಗಳ ಪಟ್ಟಿಯಲ್ಲಿ ಅರಳಿ, ಆಲ, ಅತ್ತಿ ಇವೆ. ಹೀಗಾಗಿ ಅರಳಿಯ ಬೊಡ್ಡೆ ವಿನಯದ ಲೆಕ್ಕದಲ್ಲಿ ಬೀಜಕ್ಕೆ ಸಮ. ಭಿಕ್ಷುವೊಬ್ಬ ಗ್ರೈಂಡರ್ ನಡೆಸಿದರೆ ಎರಡೂ ನಿಯಮ ಒಟ್ಟಿಗೆ ಮುರಿಯುತ್ತವೆ. ಗೃಹಸ್ಥನಿಗೆ ಇವು ಅನ್ವಯಿಸುವುದಿಲ್ಲ. ಹೊಲ ಉಳುವವರು ಇಲ್ಲದಿದ್ದರೆ ಭಿಕ್ಷಾಪಾತ್ರೆ ತುಂಬುವುದಿಲ್ಲ ಎಂಬುದು ವಿನಯಕ್ಕೆ ಗೊತ್ತು.

ಧರ್ಮಶಾಸ್ತ್ರಕಾರರು ಹಸಿ ಮತ್ತು ಒಣ ಎಂಬ ಗೆರೆ ಎಳೆದುಕೊಂಡರು. ಸೌದೆಗಾಗಿ ಹಸಿಮರ ಬೀಳಿಸುವುದನ್ನು ಮನುಸ್ಮೃತಿ ಉಪಪಾತಕಗಳಲ್ಲಿ ಸೇರಿಸುತ್ತದೆ, ಹಣ್ಣಿನ ಮರ ಕಡಿದವನಿಗೆ ನೂರು ಋಕ್ಕುಗಳ ಜಪ ಹೇಳುತ್ತದೆ. ಗೆರೆ ಸರಳವಾಗಿದೆ, ಬೊಡ್ಡೆಯ ಮುಂದೆ ಮಾತ್ರ ಗೊಂದಲವಾಗುತ್ತದೆ. ಮೇಲೆ ಒಣಗಿ ಬಿರುಕು ಬಿಟ್ಟ ನೀಲಗಿರಿ ಬೊಡ್ಡೆ ಕೆಳಗೆ ಹಸಿಯಾಗಿಯೇ ಇರುತ್ತದೆ.

ಬೊಡ್ಡೆಯನ್ನು ಎಲ್ಲರಿಗಿಂತ ಬಿಗಿಯಾಗಿ ಲೆಕ್ಕಕ್ಕೆ ತೆಗೆದುಕೊಂಡವರು ಜೈನರು. ಈ ಲೆಕ್ಕದ ಒಂದು ಮುಖ್ಯ ಗ್ರಂಥಕ್ಕೆ ಕನ್ನಡ ನಾಡಿನ ನಂಟಿದೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ಹತ್ತನೆಯ ಶತಮಾನದಲ್ಲಿ ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ‘ಗೊಮ್ಮಟಸಾರ’ ರಚಿಸಿದ. 1359ರಲ್ಲಿ ಕೇಶವಣ್ಣ ಅದಕ್ಕೆ ಕನ್ನಡದಲ್ಲಿ ವೃತ್ತಿ ಬರೆದ. ಗಿಡಮರಗಳೆಲ್ಲ ಸ್ಪರ್ಶ ಒಂದೇ ಇಂದ್ರಿಯವುಳ್ಳ ಸ್ಥಾವರ ಜೀವಗಳು. ಅವುಗಳಲ್ಲಿ ಒಂದು ದೇಹಕ್ಕೆ ಒಂದೇ ಜೀವವಿರುವ ಪ್ರತ್ಯೇಕ ವನಸ್ಪತಿ ಒಂದು ಬಗೆ, ಒಂದೇ ದೇಹವನ್ನು ಅನಂತ ಜೀವಗಳು ಹಂಚಿಕೊಂಡ ಸಾಧಾರಣ ವನಸ್ಪತಿ ಇನ್ನೊಂದು. ಇವೆರಡನ್ನು ಗುರುತಿಸುವುದು ಹೇಗೆ? ನರ, ಸಂಧಿ, ಗೆಣ್ಣು ಕಾಣದಿರುವುದು, ಮುರಿದರೆ ಸಮವಾಗಿ ತುಂಡಾಗುವುದು, ನಾರು ಎಳೆಯದಿರುವುದು, ಕಡಿದ ಮೇಲೂ ಬೆಳೆಯುವುದು ಇವೆಲ್ಲ ಸಾಧಾರಣದ ಲಕ್ಷಣಗಳೆಂದು ಗ್ರಂಥ ಹೇಳುತ್ತದೆ. ಕೊನೆಯ ಲಕ್ಷಣವನ್ನು ಹಿಡಿದರೆ ಫಲಿತಾಂಶ ಬೆಚ್ಚಿಬೀಳಿಸುವಂಥದ್ದು. ಭೃಗುವಿಗೆ ಚಿಗುರುವ ಬೊಡ್ಡೆ ಒಂದು ಜೀವದ ಪುರಾವೆಯಾಗಿತ್ತು. ಇಲ್ಲಿ ಅದು ಎಣಿಸಲಾಗದಷ್ಟು ಜೀವಗಳ ಸೂಚನೆ. ಗಡ್ಡೆ ಗೆಣಸುಗಳನ್ನು ಜೈನ ಅಡುಗೆಮನೆ ಹೊರಗಿಡುವುದಕ್ಕೂ ಇದೇ ವಿಚಾರ ಹಿನ್ನೆಲೆ. ನೀಲಗಿರಿಯ ಬುಡದ ಗಂಟನ್ನು ನೇಮಿಚಂದ್ರ ನೋಡಿರಲಿಲ್ಲ. ನೋಡಿದ್ದರೆ ಯಾವ ಗುಂಪಿಗೆ ಸೇರಿಸುತ್ತಿದ್ದ ಎಂಬುದನ್ನು ಊಹಿಸುವುದು ಕಷ್ಟವೇನಲ್ಲ.

ಆದರೂ ಜೈನ ಶ್ರಾವಕ ಬೇಸಾಯ ಬಿಡಬೇಕಿಲ್ಲ. ಹಿಂಸೆಯನ್ನು ಸಂಕಲ್ಪಿ, ವಿರೋಧಿ, ಆರಂಭಿ, ಉದ್ಯೋಗಿ ಎಂದು ವಿಂಗಡಿಸಿ, ಗೃಹಸ್ಥ ಕಡ್ಡಾಯವಾಗಿ ಬಿಡಬೇಕಾದದ್ದು ಸಂಕಲ್ಪಿ ಹಿಂಸೆ, ಅಂದರೆ ಕೊಲ್ಲಬೇಕೆಂದೇ ಕೊಲ್ಲುವುದು ಎನ್ನುತ್ತಾರೆ. ಹೊಲ ಉಳುವಾಗ ಆಗುವುದು ಉದ್ಯೋಗಿ ಹಿಂಸೆ. ಎಚ್ಚರದಿಂದ ಕಡಿಮೆ ಮಾಡಬಹುದು, ಪೂರ್ತಿ ತಪ್ಪಿಸಲಾಗದು. ಜೊತೆಗೆ, ಚಲಿಸುವ ತ್ರಸ ಜೀವಗಳ ಹಿಂಸೆ ಸ್ಥಾವರದ ಹಿಂಸೆಗಿಂತ ಭಾರವಾದದ್ದು. ಇದನ್ನು ಬೊಡ್ಡೆಗೆ ಹಚ್ಚಿ ನೋಡಿದಾಗ ಒಂದು ವಿಚಿತ್ರ ಕಾಣಿಸುತ್ತದೆ. ಆಗತಾನೆ ಕಡಿದ ಬೊಡ್ಡೆಯಲ್ಲಿ ಇರುವುದು ಹೆಚ್ಚಾಗಿ ಮರದ್ದೇ ಜೀವ. ಮೂರು ಮಳೆಗಾಲ ಕಂಡು ಮೆತ್ತಗಾದ ಬೊಡ್ಡೆಯಲ್ಲಿ ಮರ ಸತ್ತಿರುತ್ತದೆ, ಆದರೆ ಒಳಗೆ ಗೆದ್ದಲು, ಇರುವೆ, ಜರಿ, ದುಂಬಿಯ ಮರಿಹುಳು, ಚೇಳು. ಕೆಲವೊಮ್ಮೆ ಪೊಟರೆಯಲ್ಲಿ ಹಾವು. ಕೊಳೆತ ಬೊಡ್ಡೆ ಅರೆಯುವುದು ಹಸಿ ಬೊಡ್ಡೆ ಅರೆಯುವುದಕ್ಕಿಂತ ನಿರಪಾಯ ಎಂಬುದು ಸಾಮಾನ್ಯ ಭಾವನೆ. ಜೈನ ತೂಕದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಬೊಡ್ಡೆ ತೆಗೆಯಲೇಬೇಕಿದ್ದರೆ ಕಡಿದ ಕೂಡಲೇ ತೆಗೆಯುವುದು ಕಡಿಮೆ ಹಿಂಸೆ.

ಹಾಗಾದರೆ ಬಿಟ್ಟುಬಿಡುವುದೇ ಅಹಿಂಸೆಯೇ? ಅಡಿಕೆ ತೆಂಗಿನ ತೋಟದವರು ಇದನ್ನು ಒಪ್ಪಲಾರರು. ಬುಡ ಕೊಳೆಸುವ ಅಣಬೆ ರೋಗ ಗ್ಯಾನೊಡರ್ಮಾ ಎಂಬ ಶಿಲೀಂಧ್ರದಿಂದ ಬರುತ್ತದೆ. ಸತ್ತ ಮರದ ಬೊಡ್ಡೆಯಲ್ಲಿ, ಬೇರಿನಲ್ಲಿ ಅದು ಬದುಕಿಕೊಂಡು ಮಣ್ಣಿನ ಮೂಲಕ ಪಕ್ಕದ ಮರಕ್ಕೆ ದಾಟುತ್ತದೆ. ರೋಗದ ಮರವನ್ನು ಬೇರುಸಮೇತ ತೆಗೆದು ಸುಡಬೇಕು ಎಂಬುದು ಕೃಷಿ ವಿಜ್ಞಾನಿಗಳ ಸಲಹೆ. ಕೊಳೆಯುವ ತೆಂಗಿನ ಬೊಡ್ಡೆ ಸುಳಿ ಕೊರೆಯುವ ದುಂಬಿಗೂ ಹೆರಿಗೆಮನೆ. ಸತ್ತ ಬೊಡ್ಡೆಯ ಮೇಲಿನ ಕರುಣೆ ಬದುಕಿರುವ ಮರಗಳ ಮೇಲೆ ಎರಗುವ ಈ ಸಂದರ್ಭವನ್ನು ಯಾವ ಶಾಸ್ತ್ರವೂ ನೇರವಾಗಿ ಮುಟ್ಟಿಲ್ಲ. ಆದರೆ ಗಾಡಿಯ ಅಚ್ಚನ್ನು ನೆನೆದ ತೈತ್ತಿರೀಯದ ಋಷಿಗೆ, ಬೊಡ್ಡೆಯನ್ನು ಸುಮ್ಮನೆ ಬಿಡುವುದೂ ಫಲ ಕೊಡುವ ಒಂದು ಕ್ರಿಯೆಯೇ ಎಂಬುದು ಹೊಳೆದಿತ್ತು. ರೋಗ ಹಿಡಿದ ಅಡಿಕೆಯ ವಿಷಯದಲ್ಲಿ ಗ್ರೈಂಡರ್ ಸಾಲದು, ಅದು ಬೇರನ್ನು ಮಣ್ಣಿನಲ್ಲೇ ಬಿಡುತ್ತದೆ. ಅಲ್ಲಿ ಕೀಳುವುದೇ ಸರಿ.

ಗಂಧದ ವಿಷಯ ಇನ್ನೂ ಬೇರೆ. ಎಣ್ಣೆಯ ಅಂಶ ಹೆಚ್ಚಿರುವುದು ಬೇರು ಬುಡಗಳ ಚೇಗಿನಲ್ಲಿ. ಆದ್ದರಿಂದ ಗಂಧದ ಮರವನ್ನು ಕಡಿಯುವುದಿಲ್ಲ, ಅಗೆದು ಕೀಳುತ್ತಾರೆ. ಅರಣ್ಯ ಇಲಾಖೆಯ ರೂಢಿಯೂ ಇದೇ ಆಗಿತ್ತು. ದೇವರ ಹಣೆಗೆ ಹಚ್ಚುವ ಗಂಧ ಬರುವುದು ಯಾಜ್ಞವಲ್ಕ್ಯ ಮರಳಿ ಬಾರದ ಸಾವು ಎಂದ ಕ್ರಿಯೆಯಿಂದಲೇ. ಒಂದು ಸಮಾಧಾನವಿದೆ: ಗುಂಡಿಯ ಅಂಚಿನಲ್ಲಿ ಉಳಿದ ಬೇರಿನ ತುಣುಕುಗಳಿಂದ ಗಂಧ ಮತ್ತೆ ಮರಿ ಹಾಕುವುದುಂಟು. ಉಪನಿಷತ್ತಿನ ಮಾತು ಅದರಿಂದ ಸುಳ್ಳಾಗುವುದಿಲ್ಲ. ಬೇರು ಪೂರ್ತಿ ಬಂದಿರುವುದಿಲ್ಲ, ಅಷ್ಟೆ.

ಇನ್ನು ಈ ಕರ್ಮ ಯಾರದು ಎಂಬ ಪ್ರಶ್ನೆ. ಯಂತ್ರ ಬಾಡಿಗೆಯದು, ಡ್ರೈವರ್ ಕೂಲಿಯವನು, ಜಮೀನು ಇನ್ನೊಬ್ಬರದು, ಮರ ಕೊಂಡವನು ಲಾರಿಯೊಡನೆ ಎಂದೋ ಹೋಗಿಬಿಟ್ಟಿದ್ದಾನೆ. ಜೈನರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಇಂಥ ಹಂಚಿಕೆಗೆಂದೇ ಬರೆದಂತಿದೆ. ಮನಸ್ಸು, ಮಾತು, ದೇಹ ಮೂರು. ಮಾಡುವುದು, ಮಾಡಿಸುವುದು, ಒಪ್ಪುವುದು ಮೂರು. ಯೋಚಿಸುವುದು, ಸಜ್ಜಾಗುವುದು, ಶುರುಮಾಡುವುದು ಮೂರು. ಕ್ರೋಧ ಮಾನ ಮಾಯೆ ಲೋಭ ನಾಲ್ಕು. ಗುಣಿಸಿದರೆ 108 ದಾರಿ. ಡ್ರೈವರ್ ಮಾಡಿದವನು, ಮಾಲೀಕ ಮಾಡಿಸಿದವನು, ಬದುವಿನ ಮೇಲೆ ನಿಂತು ಒಳ್ಳೆಯದಾಯಿತು ಎಂದ ನೆರೆಯವನು ಒಪ್ಪಿದವನು. ಯಾರೂ ಪೂರ್ತಿ ಹೊರಗಿಲ್ಲ. ಕೊಡಲಿಯ ಕಾಲದಲ್ಲಿ ಬೊಡ್ಡೆ ತೆಗೆಯುವುದು ದಿನಗಟ್ಟಲೆಯ ದುಡಿಮೆ: ಸುತ್ತ ಅಗೆದು, ಬೇರು ಒಂದೊಂದಾಗಿ ಕಡಿದು, ಎತ್ತು ಕಟ್ಟಿ ಎಳೆಯಬೇಕಿತ್ತು. ಬೇಡವೆಂದು ಕೈಬಿಡಲು ಆ ಶ್ರಮವೇ ಸಾಕಷ್ಟು ಕಾರಣ ಕೊಡುತ್ತಿತ್ತು. ಗ್ರೈಂಡರಿಗೆ ಒಂದು ಬೊಡ್ಡೆ ಸ್ವಲ್ಪ ಹೊತ್ತಿನ ಕೆಲಸ. ಯೋಚಿಸುವುದು ಮತ್ತು ಸಜ್ಜಾಗುವುದು ಎಂಬ ಎರಡು ಮೆಟ್ಟಿಲುಗಳು ಸವೆದುಹೋಗಿ ಶುರುಮಾಡುವುದಷ್ಟೇ ಉಳಿದಿದೆ. ಯಂತ್ರದ ಮೇಲೆ ಹೊರಿಸಬಹುದಾದ ದೋಷವೆಂದರೆ ಇದು. ಉಳಿದದ್ದೆಲ್ಲ ಅದನ್ನು ಕರೆಸಿದವರದು.

ಕೊನೆಗೆ, ಗ್ರೈಂಡರ್ ಎಲ್ಲ ಮರಗಳನ್ನೂ ಮುಗಿಸುವುದಿಲ್ಲ. ನೀಲಗಿರಿಯ ಗಂಟು ಪೂರ್ತಿ ಪುಡಿಯಾದರೆ ಉಳಿದ ಬೇರುಗಳು ಸಾಮಾನ್ಯವಾಗಿ ಚಿಗುರದೆ ಮಣ್ಣಿನಲ್ಲೇ ಕರಗುತ್ತವೆ. ಆ ಮರ ಅಲ್ಲಿಗೆ ಸತ್ತಿತು. ಬೇವು, ಬೀಟೆಯಂಥವು ಬೇರಿನಿಂದಲೇ ಮರಿ ಹಾಕುವ ಜಾತಿಗಳು. ಅವುಗಳ ಬೊಡ್ಡೆ ಅರೆದ ಮೇಲೆ ಬೇರಿನ ಗಾಯದ ಜಾಗದಿಂದ, ಒಂದೆರಡು ಮಾರು ದೂರದಲ್ಲಿ, ಹೊಸ ಗಿಡ ಏಳಬಹುದು. ಅಮೆರಿಕದ ಯೂಟಾದಲ್ಲಿ ಪಾಂಡೊ ಎಂದು ಕರೆಯುವ ಆಸ್ಪೆನ್ ತೋಪು ಸುಮಾರು 43 ಹೆಕ್ಟೇರ್ ಹರಡಿದೆ. ಅದರ ನಲವತ್ತು ಸಾವಿರಕ್ಕೂ ಹೆಚ್ಚು ಕಾಂಡಗಳು ಒಂದೇ ಬೇರಿನ ಜಾಲದಿಂದ ಎದ್ದ, ಒಂದೇ ವಂಶವಾಹಿಯ ಸಂತಾನ. ಅಲ್ಲಿ ಒಂದು ಬೊಡ್ಡೆ ಅರೆದರೆ ಆದದ್ದು ಮರದ ಸಾವಲ್ಲ, ಉಗುರು ಕತ್ತರಿಸಿದಷ್ಟು. ಹಾಗಾಗಿ ಬೊಡ್ಡೆ ತೆಗೆಯುವುದು ಹಿಂಸೆಯೇ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಲ್ಲುವುದಿಲ್ಲ. ಜಾತಿ ಯಾವುದು, ಕಡಿದು ಎಷ್ಟು ಕಾಲವಾಯಿತು, ಅರೆಯುತ್ತಿರುವರೋ ಕೀಳುತ್ತಿರುವರೋ, ಬಿಟ್ಟರೆ ಪಕ್ಕದ ಮರಕ್ಕೆ ಏನಾದೀತು ಎಂಬ ನಾಲ್ಕು ಮಾತು ಮೊದಲು ತಿಳಿದಿರಬೇಕು. ಇವು ನಾಲ್ಕೂ ಹೊಲದ ಯಜಮಾನನಿಗೆ ಗೊತ್ತಿರುವ, ಇಲ್ಲವೇ ಬದುವಿನ ಮೇಲೆ ನಿಂತು ತಿಳಿದುಕೊಳ್ಳಬಹುದಾದ ಸಂಗತಿಗಳು. ಡ್ರೈವರಿಗೆ ಅವು ತಿಳಿದಿರುವುದಿಲ್ಲ. ಅವನನ್ನು ಕರೆಸುವ ಮೊದಲೇ ಅವುಗಳನ್ನು ವಿಚಾರಿಸಿರಬೇಕಾಗುತ್ತದೆ.